1970ರ ಶೆವೆಲ್ ಎಸ್‌ಎಸ್: ಹುಟ್ಟಿದ್ದೇ ಹಾಗೋ, ಆಮೇಲೆ ಹಾಗಾದದ್ದೋ?

ಪ್ರಶ್ನೆ: ಸರ್, ನಾನು ಹಾಸನ ಕಡೆಯವನು, ಈಗ ಮಿಷಿಗನ್‌ನಲ್ಲಿ ಕೆಲಸದಲ್ಲಿದ್ದೇನೆ. ಹಳೆಯ ಅಮೆರಿಕನ್ ಮಸಲ್ ಕಾರು (ದೊಡ್ಡ ಎಂಜಿನ್ನಿನ ಜೋರು ಗಾಡಿ) ಕೊಳ್ಳಬೇಕೆಂಬುದು ಬಹಳ ವರ್ಷಗಳ ಆಸೆ. ಒಹಾಯೋದಲ್ಲಿ ಒಬ್ಬರ ಬಳಿ 1970ರ ಶೆವರ್ಲೆ ಶೆವೆಲ್ ಎಸ್‌ಎಸ್ 454 ಇದೆ (ಎಸ್‌ಎಸ್ ಎಂದರೆ ಸೂಪರ್ ಸ್ಪೋರ್ಟ್, 454 ಎಂದರೆ ಎಂಜಿನ್ನಿನ ಘನ ಇಂಚು). ಅದರಲ್ಲೂ ಹೆಚ್ಚು ಜೋರಿನ ಎಲ್‌ಎಸ್6 ಎಂಜಿನ್, ನಾಲ್ಕು ಗೇರಿನ ಮ್ಯಾನ್ಯುವಲ್, ಕ್ರ್ಯಾನ್‌ಬೆರಿ ಕೆಂಪು ಬಣ್ಣಕ್ಕೆ ಕಪ್ಪು ಪಟ್ಟೆ. 1,25,000 ಡಾಲರ್ ಕೇಳುತ್ತಿದ್ದಾರೆ. ‘ನಂಬರ್ಸ್ ಮ್ಯಾಚಿಂಗ್’, ಅಂದರೆ ಎಂಜಿನ್ನಿನ ನಂಬರ್ ಕಾರಿನ ನಂಬರಿಗೆ ತಾಳೆಯಾಗುತ್ತದೆ ಎನ್ನುತ್ತಾರೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಸಿಕ್ಕಿತೆಂದು ಒಂದು ಬಿಲ್ಡ್ ಶೀಟ್ (ಫ್ಯಾಕ್ಟರಿಯ ಜೋಡಣೆ ಹಾಳೆ) ತೋರಿಸಿದರು, ಜೊತೆಗೆ ಬೆಲೆ ಕಟ್ಟಿದ ಒಂದು ಅಪ್ರೈಸಲ್ ಸರ್ಟಿಫಿಕೇಟೂ ಇದೆ. ಆದರೆ ವಿನ್ ನಂಬರನ್ನು (ಕಾರಿಗೆ ಕಂಪನಿ ಕೊಟ್ಟ ಗುರುತಿನ ಸಂಖ್ಯೆ) ಬಿಡಿಸಿ ನೋಡಿದರೆ ಬರೀ ‘ಮಾಲಿಬು’ (ಶೆವೆಲ್‌ನ ಒಂದು ಮಾದರಿ) ಎಂದು ಬರುತ್ತದೆ, ಎಸ್‌ಎಸ್ ಎಂದು ಎಲ್ಲೂ ಇಲ್ಲ. ನನಗೆ ಮೋಸ ಆಗುತ್ತಿದೆಯೇ? ಟೆಕ್ಸಾಸ್‌ನಿಂದ ಇನ್ನೊಬ್ಬರು ಬರುತ್ತಿದ್ದಾರಂತೆ, ಶುಕ್ರವಾರದೊಳಗೆ ಮುಂಗಡ ಕೊಡಬೇಕಂತೆ. ಫೋಟೋಗಳನ್ನು ಕಳಿಸಿದ್ದೇನೆ.

ಉತ್ತರ: ಮೊದಲು ತುರ್ತಿನ ಮಾತು. ಶುಕ್ರವಾರ ಮುಂಗಡ ಕೊಡಬೇಡಿ. ಟೆಕ್ಸಾಸಿನವರು ಬಂದು ಕೊಂಡುಹೋದರೆ ಹೋಗಲಿ. ಈ ವ್ಯಾಪಾರದಲ್ಲಿ ನನಗೆ ಗೊತ್ತಿರುವ ಅರ್ಧಕ್ಕರ್ಧ ಗಾಡಿಗಳಿಗೆ ಇಂಥ ಒಬ್ಬ ‘ಇನ್ನೊಬ್ಬ ಗಿರಾಕಿ’ ಯಾವಾಗಲೂ ದಾರಿಯಲ್ಲೇ ಇರುತ್ತಾನೆ.

ಇನ್ನು ನಿಮ್ಮ ಭಯದ ವಿಷಯ. ನೀವು ಹೆದರಿರುವ ಕಾರಣ ತಪ್ಪು, ಆದರೆ ಹೆದರಿಕೆ ತಪ್ಪಲ್ಲ. ವಿನ್ ನಂಬರ್ ‘ಮಾಲಿಬು’ ಎಂದಿದ್ದರಲ್ಲಿ ಮೋಸ ಏನೂ ಇಲ್ಲ. 1970ರ ಅಸಲಿ ಎಸ್‌ಎಸ್ ಕೂಡ ಹಾಗೇ ಹೇಳುತ್ತದೆ. ನನಗೆ ಕಸಿವಿಸಿಯಾಗಿರುವುದು ನೀವು ಯೋಚನೆಯೇ ಮಾಡದ ಇನ್ನೊಂದು ಫೋಟೋದಿಂದ. ಅಲ್ಲಿಗೆ ಬರುತ್ತೇನೆ.

ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಈ ಕಾರು ಫ್ಯಾಕ್ಟರಿಯಿಂದ ಎಸ್‌ಎಸ್ 454 ಆಗಿಯೇ ಹೊರಬಿತ್ತೇ ಎಂಬುದು ಒಂದು. ಈಗ ಬಾನೆಟ್ಟಿನ ಕೆಳಗಿರುವ ಎಂಜಿನ್ ಅದರ ಜೊತೆಗೇ ಹುಟ್ಟಿದ್ದೇ ಎಂಬುದು ಇನ್ನೊಂದು. ಮಾರುವವರು ಎರಡನೆಯದಕ್ಕೆ ಉತ್ತರ ಕೊಟ್ಟು ಮೊದಲನೆಯದಕ್ಕೂ ಉತ್ತರ ಸಿಕ್ಕಿತು ಎಂಬ ಭಾವನೆ ಹುಟ್ಟಿಸುತ್ತಾರೆ. ಎರಡನ್ನೂ ಬೇರೆಬೇರೆ ಇಟ್ಟುಕೊಳ್ಳಿ.

ನಿಮ್ಮ ವಿನ್ ನಂಬರ್ 136370ಕೆ ಎಂದು ಶುರುವಾಗುತ್ತದೆ. ಮೊದಲ 1 ಎಂದರೆ ಶೆವರ್ಲೆ. 136 ಒಟ್ಟಾಗಿ ವಿ8 ಎಂಜಿನ್ನಿನ ಮಾಲಿಬು. 37 ಎಂದರೆ ಎರಡು ಬಾಗಿಲಿನ ಸ್ಪೋರ್ಟ್ ಕೂಪೆ. 0 ಎಂದರೆ 1970ರ ಮಾಡೆಲ್. ಕೆ ಎಂದರೆ ಮಿಸೌರಿಯ ಕ್ಯಾನ್ಸಸ್ ಸಿಟಿಯ ಫ್ಯಾಕ್ಟರಿ. ಉಳಿದ ಆರು ಅಂಕಿ ಸರತಿ ಸಂಖ್ಯೆ. ಅಷ್ಟೇ, ಅದರಲ್ಲಿ ಇನ್ನೇನೂ ಇಲ್ಲ. 1966ರಿಂದ 68ರವರೆಗೆ ಎಸ್‌ಎಸ್ 396 ಕಾರುಗಳಿಗೆ 138 ಎಂಬ ಪ್ರತ್ಯೇಕ ಸರಣಿ ಇತ್ತು. ನಂಬರ್ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. 1969ರಿಂದ ಎಸ್‌ಎಸ್ ಒಂದು ಆಪ್ಷನ್ ಪ್ಯಾಕೇಜ್ ಆಯಿತು. ಗಿರಾಕಿ ಮಾಲಿಬು ಆರ್ಡರ್ ಮಾಡಿ, ಫಾರಂನಲ್ಲಿ ಎಸ್‌ಎಸ್ 396 ಬೇಕಾದರೆ ಜಡ್25, ಎಸ್‌ಎಸ್ 454 ಬೇಕಾದರೆ ಜಡ್15 ಎಂದು ಗುರುತು ಹಾಕಿಸಬೇಕಿತ್ತು. ಆಪ್ಷನ್‌ಗಳನ್ನು ವಿನ್ ನಂಬರಿನಲ್ಲಿ ಬರೆಯುವ ಪದ್ಧತಿ ಇರಲಿಲ್ಲ. ನಮ್ಮ ಊರಿನ ಪಹಣಿಗೆ ಹೋಲಿಸಿದರೆ, ಸರ್ವೆ ನಂಬರ್ ಇದೆ, ವಿಸ್ತೀರ್ಣ ಇದೆ, ಆದರೆ ಬೆಳೆಯ ಕಾಲಂ ಖಾಲಿ ಬಿಟ್ಟಂತೆ.

ಹಾಗಂತ ನಂಬರಿನಿಂದ ಉಪಯೋಗವೇ ಇಲ್ಲ ಎಂದಲ್ಲ. 134 ಎಂದು ಶುರುವಾಗಿದ್ದರೆ ಅದು ಮಾಲಿಬು ಅಲ್ಲದ ಸಾದಾ ಶೆವೆಲ್. 135 ಎಂದಿದ್ದರೆ ಆರು ಸಿಲಿಂಡರಿನ ಮಾಲಿಬು. ಎರಡೂ 1970ರಲ್ಲಿ ಎಸ್‌ಎಸ್ ಆಗಿರಲು ಸಾಧ್ಯವೇ ಇಲ್ಲ. ಅಂಥ ನಂಬರಿನ ಗಾಡಿಗೆ ಎಸ್‌ಎಸ್ ಬ್ಯಾಡ್ಜ್ ಅಂಟಿಸಿ ಮಾರುವುದನ್ನು ನಾನು ನೋಡಿದ್ದೇನೆ, ಕೊಂಡವರನ್ನೂ ನೋಡಿದ್ದೇನೆ. ನಿಮ್ಮದು ಆ ಜರಡಿ ದಾಟಿದೆ, ಅಷ್ಟು ಮಾತ್ರ. ಕುತೂಹಲಕ್ಕೆ ಹೇಳುವುದಾದರೆ 1972ರಲ್ಲಿ ಶೆವರ್ಲೆಯ ಮೂಲ ಕಂಪನಿ ಜನರಲ್ ಮೋಟರ್ಸ್ ವಿನ್ ನಂಬರಿನ ಐದನೆಯ ಸ್ಥಾನದಲ್ಲಿ ಎಂಜಿನ್ನಿನ ಅಕ್ಷರ ಹಾಕತೊಡಗಿತು. ಆ ವರ್ಷದ ಶೆವೆಲ್‌ನಲ್ಲಿ ಅಲ್ಲಿ ‘ಡಬ್ಲ್ಯು’ ಇದ್ದರೆ ಅದು 454. ವಿಚಿತ್ರವೆಂದರೆ ಅಷ್ಟರಲ್ಲಿ ಎಂಜಿನ್ನಿನ ಜೋರೇ ಇಳಿದುಹೋಗಿತ್ತು. ಎಲ್ಲರಿಗೂ ಬೇಕಾದ 1970ರ ಗಾಡಿಗೆ ಮಾತ್ರ ಈ ಅನುಕೂಲ ಇಲ್ಲ.

ಇಂಟರ್‌ನೆಟ್ಟಿನಲ್ಲಿ ಹಣ ಕಟ್ಟಿ ತೆಗೆಯುವ ಇತಿಹಾಸ ವರದಿಗಳ ಬಗ್ಗೆ ನೀವು ಕೇಳಿರಬಹುದು. ಅವು 17 ಅಕ್ಷರದ ನಂಬರಿಗಾಗಿ ಇರುವಂಥವು. ಆ ಪದ್ಧತಿ ಬಂದದ್ದು 1981ರ ಮಾಡೆಲ್‌ನಿಂದ. ನಿಮ್ಮ ಕಾರಿಗೆ ಅದರಿಂದ ಏನೂ ಹುಟ್ಟುವುದಿಲ್ಲ.

ಇಷ್ಟೊಂದು ನಕಲಿ ಯಾಕೆ ಆಗುತ್ತದೆ? ಮಧ್ಯಮ ಗಾತ್ರದ ಕಾರುಗಳಿಗೆ 400 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಎಂದು ಜನರಲ್ ಮೋಟರ್ಸ್ ತನಗೆ ತಾನೇ ಕಟ್ಟುಪಾಡು ಹಾಕಿಕೊಂಡಿತ್ತು. 1970ರ ಮಾಡೆಲ್‌ಗೆ ಅದನ್ನು ತೆಗೆಯಿತು. ತೆಗೆದ ಕೂಡಲೇ ಶೆವೆಲ್‌ಗೆ 454 ಘನ ಇಂಚಿನ ಎಂಜಿನ್ ಬಂತು, ಎರಡು ರೂಪದಲ್ಲಿ. ಎಲ್‌ಎಸ್5 ಎಂಬುದು 360 ಅಶ್ವಶಕ್ತಿಯ, ರೋಚೆಸ್ಟರ್ ಕಾರ್ಬ್ಯುರೇಟರಿನ, ಮನೆಮಂದಿ ಓಡಿಸಬಹುದಾದ ಎಂಜಿನ್. ಎಲ್‌ಎಸ್6 ಎಂದರೆ 450 ಅಶ್ವಶಕ್ತಿ, 11.25:1 ಕಂಪ್ರೆಷನ್, ಸಾಲಿಡ್ ಲಿಫ್ಟರ್, ಹೋಲಿ ಕಾರ್ಬ್ಯುರೇಟರ್. ಎಲ್‌ಎಸ್6 ಎಂಜಿನ್ನಿನ ಸಂಖ್ಯೆ 4,475 ಎಂಬುದು ಎಲ್ಲರೂ ಹೇಳುವ ಲೆಕ್ಕ. ಆದರೆ ಅದರಲ್ಲಿ ಎಷ್ಟು ಕೂಪೆ, ಎಷ್ಟು ಕನ್ವರ್ಟಿಬಲ್ ಎಂಬ ವಿಂಗಡಣೆ ಕಂಪನಿಯಿಂದ ಸಿಗುವುದಿಲ್ಲ. ಶೆವೆಲ್‌ನಲ್ಲಿ ಒಂದೇ ವರ್ಷ ಬಂದು, ವಿಮೆಯ ಕಂತು ಏರಿದ್ದಕ್ಕೂ ಹೊಗೆಯ ನಿಯಮಗಳು ಬಿಗಿಯಾದದ್ದಕ್ಕೂ ಸಿಕ್ಕಿ ಹೋಯಿತು.

ಇನ್ನೊಂದು ಕಡೆ ಸಾದಾ ಮಾಲಿಬು ಬೇಕಾದಷ್ಟು ತಯಾರಾದವು, ಬಾಡಿ ಒಂದೇ. 454 ಬ್ಲಾಕ್ ಕಾರ್ವೆಟ್ಟಿಗೂ ಹೋಗಿದೆ, ದೊಡ್ಡ ಶೆವರ್ಲೆಗಳಿಗೂ ಹೋಗಿದೆ. ಗ್ರಿಲ್, ಬಾನೆಟ್, ಡ್ಯಾಶ್‌ಬೋರ್ಡ್, ಬ್ಯಾಡ್ಜ್, ಪಟ್ಟೆಯ ಸ್ಟೆನ್ಸಿಲ್ ಎಲ್ಲವೂ ಹೊಸದಾಗಿ ತಯಾರಾಗಿ ಕ್ಯಾಟಲಾಗಿನಲ್ಲಿ ಸಿಗುತ್ತವೆ. ಮಾಡಲು ಸುಲಭ, ಮಾರಿದರೆ ಬೆಲೆ ಜಾಸ್ತಿ, ಹಿಡಿಯಲು ಕಷ್ಟ. ನಕಲಿ ಹುಟ್ಟಲು ಇನ್ನೇನು ಬೇಕು? ಎಲ್ಲರೂ ಮೋಸಗಾರರೇ ಎಂದು ನಾನು ಹೇಳುತ್ತಿಲ್ಲ. 80ರ ದಶಕದಲ್ಲಿ ಯಾರೋ ತನ್ನ ಖುಷಿಗೆ ಮಾಲಿಬುವನ್ನು ಎಸ್‌ಎಸ್ ಮಾಡಿಕೊಂಡಿರುತ್ತಾನೆ, ಮುಚ್ಚುಮರೆ ಇಲ್ಲದೆ ಹೇಳಿಯೇ ಮಾರಿರುತ್ತಾನೆ. ಮೂರನೆಯ ಕೈಗೆ ಬರುವಷ್ಟರಲ್ಲಿ ಆ ಮಾತು ಕಳೆದುಹೋಗಿರುತ್ತದೆ. ನಿಮ್ಮ ಒಹಾಯೋದವರು ತಾವು ಹೇಳುತ್ತಿರುವುದನ್ನು ಮನಸಾರೆ ನಂಬಿರಲೂಬಹುದು.

ಈಗ ನನಗೆ ಕಸಿವಿಸಿಯಾದ ಫೋಟೋ.

ಎಂಜಿನ್ ಬ್ಲಾಕಿನ ಮುಂಭಾಗದಲ್ಲಿ, ಬಲಬದಿಯ ಸಿಲಿಂಡರ್ ಹೆಡ್ಡಿನ ಮುಂದೆಯೇ, ಆಲ್ಟರ್ನೇಟರ್ ಹತ್ತಿರ ಒಂದು ಚಪ್ಪಟೆ ಜಾಗ ಇದೆ. ಸ್ಟ್ಯಾಂಪ್ ಪ್ಯಾಡ್ ಎನ್ನುತ್ತೇವೆ. ನೀವು ಕಳಿಸಿದ ಚಿತ್ರದಲ್ಲಿ ಅಲ್ಲಿ ಟಿ0428ಸಿಆರ್‌ವಿ ಎಂದಿದೆ, ಪಕ್ಕದಲ್ಲಿ 10ಕೆ ಎಂದು ಶುರುವಾಗಿ ನಿಮ್ಮ ಕಾರಿನ ಕೊನೆಯ ಆರು ಅಂಕಿ. ‘ಟಿ’ ಎಂದರೆ ನ್ಯೂಯಾರ್ಕ್ ರಾಜ್ಯದ ಟೋನಾವಾಂಡದ ಎಂಜಿನ್ ಫ್ಯಾಕ್ಟರಿ. 0428 ಎಂದರೆ ಏಪ್ರಿಲ್ 28. ‘ಸಿಆರ್‌ವಿ’ ಎಂಬುದು ಮ್ಯಾನ್ಯುವಲ್ ಗೇರಿನ ಎಲ್‌ಎಸ್6ನ ಗುರುತು. ಆಟೊಮ್ಯಾಟಿಕ್ ಆಗಿದ್ದರೆ ‘ಸಿಆರ್‌ಆರ್’ ಇರಬೇಕಿತ್ತು. ಇಲ್ಲಿಯವರೆಗೆ ಎಲ್ಲ ಸರಿ, ಮಾರುವವರು ತೋರಿಸಿದ್ದೂ ಇದನ್ನೇ.

ನೀವೇ ತೆಗೆದ ಇನ್ನೊಂದು ಚಿತ್ರದಲ್ಲಿ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಮೇಲಿನ ಟ್ರಿಮ್ ಟ್ಯಾಗ್, ಅಂದರೆ ಬಾಡಿಯ ವಿವರ ಒತ್ತಿದ ತಗಡು ಇದೆ. ಅದರಲ್ಲಿ ಬಣ್ಣದ ಕೋಡ್ 75, ಅಂದರೆ ಕ್ರ್ಯಾನ್‌ಬೆರಿ ಕೆಂಪು. ಬಣ್ಣ ಮೂಲದ್ದೇ, ಸಂತೋಷ. ಆದರೆ ತಾರೀಖು 04ಸಿ. ನಾಲ್ಕನೆಯ ತಿಂಗಳ ಮೂರನೆಯ ವಾರ. ಬಾಡಿ ತಯಾರಾದದ್ದು ಏಪ್ರಿಲ್ ಮೂರನೆಯ ವಾರ, ಎಂಜಿನ್ ಜೋಡಿಸಿದ್ದು ಏಪ್ರಿಲ್ 28. ಅಲ್ಲಿಂದ ಅದು ಕ್ಯಾನ್ಸಸ್ ಸಿಟಿಗೆ ಹೋಗಬೇಕು, ಅಲ್ಲಿ ಚಾಸಿಗೆ ಕೂರಬೇಕು. ಸಾಮಾನ್ಯವಾಗಿ ಬಾಡಿಗಿಂತ ಎಂಜಿನ್ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಹಿರಿಯದಾಗಿರುತ್ತದೆ. ಇಲ್ಲಿ ಕಿರಿಯದು. ಭಾಗಗಳ ಕೊರತೆಯಿಂದ ಬಾಡಿ ಲೈನಿನಲ್ಲಿ ನಿಂತಿದ್ದರೆ ಹೀಗಾಗುವ ಸಂಭವ ಇಲ್ಲವೇ ಇಲ್ಲ ಎನ್ನಲಾರೆ. ಆದರೆ ಅದನ್ನು ತೋರಿಸಿಕೊಡುವ ಹೊಣೆ ಮಾರುವವರದು, ನಂಬಿಕೊಳ್ಳುವ ಹೊಣೆ ನಿಮ್ಮದಲ್ಲ.

ಅದೇ ಪ್ಯಾಡನ್ನು ಇನ್ನೂ ಹತ್ತಿರದಿಂದ ನೋಡೋಣ. ಬ್ಲಾಕಿನ ಮೇಲ್ಮೈಯನ್ನು ಫ್ಯಾಕ್ಟರಿಯಲ್ಲಿ ಬ್ರೋಚ್ ಎಂಬ ಉದ್ದನೆಯ ಹಲ್ಲಿನ ಉಪಕರಣದಿಂದ ಒಂದೇ ಎಳೆತಕ್ಕೆ ಹೆರೆಯುತ್ತಿದ್ದರು. ಹಾಗೆ ಹೆರೆದಾಗ ಮುಂದಿನಿಂದ ಹಿಂದಕ್ಕೆ, ಒಂದಕ್ಕೊಂದು ಸಮಾನಾಂತರವಾಗಿ ಕೂದಲೆಳೆಯಂಥ ಗೆರೆಗಳು ಉಳಿಯುತ್ತವೆ. ಅಂಕಿಗಳನ್ನು ಒತ್ತುವುದು ಆಮೇಲೆ. ಹಾಗಾಗಿ ಅಸಲಿ ಪ್ಯಾಡಿನಲ್ಲಿ ಗೆರೆಗಳು ಅಕ್ಷರದ ಅಂಚಿನವರೆಗೂ ಬಂದು, ಅಕ್ಷರದ ಗುಂಡಿಯಲ್ಲಿ ಮುರಿದು, ಆಚೆ ಮತ್ತೆ ಮುಂದುವರಿಯುತ್ತವೆ. ನಿಮ್ಮ ಚಿತ್ರದ ಪ್ಯಾಡ್ ಕನ್ನಡಿಯ ಹಾಗೆ ನುಣ್ಣಗಿದೆ. ನುಣ್ಣಗಿರುವುದೇ ಅಪರಾಧ ಅಲ್ಲ. 70ರ, 80ರ ದಶಕದಲ್ಲಿ ಎಂಜಿನ್ ಬಿಚ್ಚಿ ಕಟ್ಟುವಾಗ ಮೆಷಿನ್ ಶಾಪಿನವರು ಮೇಲ್ಮೈಯನ್ನು ತುಸು ಹೆರೆದು ಮಟ್ಟ ಮಾಡುತ್ತಿದ್ದರು. ಮುಂದೊಂದು ದಿನ ಆ ಅಂಕಿಗಳು ಇಷ್ಟು ಬೆಲೆ ಬಾಳುತ್ತವೆ ಎಂದು ಆಗ ಯಾರಿಗೆ ಗೊತ್ತಿತ್ತು? ಆದರೆ ಹಾಗೆ ಹೆರೆದರೆ ಗೆರೆಯ ಜೊತೆ ಅಂಕಿಗಳೂ ಅಳಿಸಬೇಕು, ಕಡೇಪಕ್ಷ ಮಸುಕಾಗಬೇಕು. ಗೆರೆ ಹೋಗಿ ಅಂಕಿ ಮಾತ್ರ ನಿನ್ನೆ ಒತ್ತಿದಷ್ಟು ಚೂಪಾಗಿ ಉಳಿಯುವುದು ಹೇಗೆ? ಹೆರೆದ ಮೇಲೆ ಯಾರೋ ಮತ್ತೆ ಒತ್ತಿದ್ದರೆ ಮಾತ್ರ. ರೀಸ್ಟ್ಯಾಂಪ್ ಎನ್ನುವುದು ಇದನ್ನೇ.

ಇನ್ನೊಂದು ಸೂಕ್ಷ್ಮ. ಎಂಜಿನ್ ಕೋಡನ್ನು ಒತ್ತಿದ್ದು ಟೋನಾವಾಂಡದಲ್ಲಿ. ಕಾರಿನ ಸರತಿ ಸಂಖ್ಯೆಯನ್ನು ಒತ್ತಿದ್ದು ಕ್ಯಾನ್ಸಸ್ ಸಿಟಿಯಲ್ಲಿ, ಬೇರೆ ಕೈ, ಬೇರೆ ಅಚ್ಚು, ಬೇರೆ ದಿನ. ಆದ್ದರಿಂದ ಎರಡರ ಅಕ್ಷರದ ಎತ್ತರ, ಆಳ, ವಾಲಿಕೆ ಸ್ವಲ್ಪವಾದರೂ ಬೇರೆ ಇರಬೇಕು. ಎರಡೂ ಒಂದೇ ಕೈಬರಹದಂತೆ ಕಂಡರೆ ಒಂದೇ ಸಲಕ್ಕೆ ಕೂತು ಒತ್ತಿದ್ದಾರೆ ಎಂದರ್ಥ. ನಿಮ್ಮ ಚಿತ್ರದಲ್ಲಿ ಎರಡು ಕಡೆಯ ಸೊನ್ನೆಗಳು ಅವಳಿಯಂತಿವೆ. ಫೋಟೋ ನೋಡಿ ತೀರ್ಪು ಕೊಡುವುದು ನನ್ನ ಅಭ್ಯಾಸ ಅಲ್ಲ, ಬೆಳಕು ಎಷ್ಟೋ ಸಲ ಸುಳ್ಳು ಹೇಳುತ್ತದೆ. ಆದರೂ ತಾರೀಖು, ನುಣುಪು, ಅಚ್ಚು ಮೂರೂ ಒಂದೇ ದಿಕ್ಕಿಗೆ ಕೈ ತೋರಿಸುತ್ತಿವೆ. ಈಗೀಗ ಬ್ರೋಚ್ ಗೆರೆಯನ್ನೂ ಹೊಸದಾಗಿ ಎಳೆದುಕೊಡುವ ಕಸುಬುದಾರರು ಇದ್ದಾರೆ. ನಿಮ್ಮ ಗಾಡಿಗೆ ಕೆಲಸ ಮಾಡಿದವರಿಗೆ ಅಷ್ಟು ತಾಳ್ಮೆ ಇರಲಿಲ್ಲವೆಂದು ಕಾಣುತ್ತದೆ.

ಹೋಗಿ ಖುದ್ದಾಗಿ ನೋಡುವುದಾದರೆ ಒಂದು ಎಚ್ಚರಿಕೆ. ಪ್ಯಾಡಿಗೆ ಮರಳು ಕಾಗದ, ವೈರ್ ಬ್ರಷ್ ತಾಗಿಸಬೇಡಿ, ಯಾರಿಗೂ ತಾಗಿಸಲು ಬಿಡಬೇಡಿ. ಇದ್ದ ಸಾಕ್ಷಿಯೂ ಹೋಗುತ್ತದೆ. ಬ್ರೇಕ್ ಕ್ಲೀನರ್ ಸಿಂಪಡಿಸಿ ಹತ್ತಿಯ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಗೆರೆ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಆಲ್ಟರ್ನೇಟರ್ ಅಡ್ಡವಿದ್ದರೆ ಸರಿಸಲು ಹೇಳಿ, ನಾಲ್ಕು ಬೋಲ್ಟಿನ ಕೆಲಸ. ಬ್ಲಾಕಿನ ಬಲಬದಿಯಲ್ಲಿ ಎರಕದ ತಾರೀಖು ಉಬ್ಬಿರುತ್ತದೆ: ತಿಂಗಳಿಗೊಂದು ಇಂಗ್ಲಿಷ್ ಅಕ್ಷರ, ಆಮೇಲೆ ದಿನ, ವರ್ಷದ ಕೊನೆಯ ಅಂಕಿ. ‘ಡಿ 9 0’ ಎಂದಿದ್ದರೆ 1970ರ ಏಪ್ರಿಲ್ 9. ಇದು ಎರಕದಲ್ಲೇ ಬಂದದ್ದು, ತಿದ್ದುವುದು ಒತ್ತಿದ ಅಂಕಿಯಷ್ಟು ಸುಲಭವಲ್ಲ. ಬಾಡಿಯ ತಾರೀಖಿಗಿಂತ ಇದು ಈಚಿನದಾಗಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಹಿಂಭಾಗದಲ್ಲಿ 3963512 ಎಂಬ ಎರಕದ ನಂಬರ್ ಇದೆಯೆಂದು ಅವರು ಹೆಮ್ಮೆಯಿಂದ ತೋರಿಸಬಹುದು. ಅದು ಸರಿಯಾದ ನಂಬರೇ, ಆದರೆ 454ಗಳಿಗೆ ಸಾಮಾನ್ಯವಾದದ್ದು. ಎಲ್‌ಎಸ್5 ಬ್ಲಾಕಿನಲ್ಲೂ ಅದೇ ಇರುತ್ತದೆ.

ಎಂಜಿನ್ ಬಿಟ್ಟು ಬೇರೆ ಕಡೆಯೂ ನಂಬರ್‌ಗಳಿವೆ. ಶೆವೆಲ್‌ನಲ್ಲಿ ಬಾಡಿ ಬೇರೆ, ಫ್ರೇಮ್ ಬೇರೆ. ಎಡಬದಿಯ ಫ್ರೇಮ್ ರೈಲಿನ ಮೇಲ್ಭಾಗದಲ್ಲಿ, ಹಿಂದಿನ ಚಕ್ರದ ಹತ್ತಿರ, ವಿನ್ ನಂಬರಿನ ತುಣುಕು ಒತ್ತಿರುತ್ತದೆ. ಬಾಡಿ ಮತ್ತು ಫ್ರೇಮಿನ ಸಂದಿಯಲ್ಲಿ ಸಣ್ಣ ಕನ್ನಡಿ ಅಥವಾ ಕ್ಯಾಮೆರಾ ತೂರಿಸಿ ನೋಡಬೇಕು. ಫೈರ್‌ವಾಲ್ ಮೇಲೆ ಹೀಟರ್ ಬಾಕ್ಸಿನ ಹಿಂದೆಯೂ ಇರುತ್ತದೆ. ಗೇರ್‌ಬಾಕ್ಸ್ ಮೇಲೂ ಇರಬೇಕು. ಇವು ತಾಳೆಯಾದರೆ ಬಾಡಿ, ಫ್ರೇಮ್, ವಿನ್ ಪ್ಲೇಟ್ ಒಂದೇ ಕಾರಿನವು ಎಂದಾಗುತ್ತದೆ. ಇದು ಸಣ್ಣ ವಿಷಯವಲ್ಲ. ಡ್ಯಾಶ್‌ಬೋರ್ಡಿನ ವಿನ್ ಪ್ಲೇಟಿನ ಎರಡು ರಿವೆಟ್ಟುಗಳು ಆರು ಎಸಳಿನ ಹೂವಿನ ಆಕಾರದಲ್ಲಿ ಇರಬೇಕು. ಅಂಗಡಿಯಲ್ಲಿ ಸಿಗುವ ದುಂಡನೆಯ ಪಾಪ್ ರಿವೆಟ್ ಇದ್ದರೆ, ಸುತ್ತ ಗೀರು ಇದ್ದರೆ, ಅಲ್ಲಿಂದ ಎದ್ದು ಬನ್ನಿ. ವಿನ್ ಪ್ಲೇಟ್ ಕಿತ್ತು ಬದಲಿಸುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಅಂಥ ಗಾಡಿಯನ್ನು ಪೊಲೀಸರು ಹಿಡಿದಿಟ್ಟುಕೊಂಡರೆ ಕೊಂಡವನ ಕೈಗೆ ಕಾರೂ ಇಲ್ಲ, ದುಡ್ಡೂ ಇಲ್ಲ. ಎಂಜಿನ್ ಬದಲಾಗಿದ್ದರೆ ಹೋಗುವುದು ಬೆಲೆ ಮಾತ್ರ. ಇಲ್ಲಿ ಕೆಟ್ಟರೆ ಎಲ್ಲವೂ ಹೋಗುತ್ತದೆ.

ಆದರೆ ಇದೆಲ್ಲ ತಾಳೆಯಾದರೂ ಸಾಬೀತಾಗುವುದು ಅದು ಕಲಬೆರಕೆ ಇಲ್ಲದ ಒಂದು ಮಾಲಿಬು ಎಂದಷ್ಟೇ. ನಿಮ್ಮ ಮೊದಲ ಪ್ರಶ್ನೆ, ಎಸ್‌ಎಸ್ ಆಗಿ ಹುಟ್ಟಿತೇ ಎಂಬುದು, ಹಾಗೇ ನಿಂತಿರುತ್ತದೆ. ಟ್ರಿಮ್ ಟ್ಯಾಗೂ ಎಸ್‌ಎಸ್ ಎಂದು ಹೇಳುವುದಿಲ್ಲ. ಹನ್ನೆರಡು ಬೋಲ್ಟಿನ ಹಿಂದಿನ ಆಕ್ಸಲ್, ಮುಂದಿನ ಡಿಸ್ಕ್ ಬ್ರೇಕ್, ಹಿಂದಿನ ಸ್ವೇ ಬಾರ್, ದುಂಡು ಮೀಟರುಗಳ ಡ್ಯಾಶ್ ಇರಬೇಕು, ಇಲ್ಲದಿದ್ದರೆ ಅನುಮಾನ. ಆದರೆ ಇದ್ದರೆ ಸಾಬೀತು ಅಲ್ಲ, ಎಲ್ಲವೂ ಕೊಂಡು ಹಾಕಬಹುದಾದವು. ಇದು ಜನಕ್ಕೆ ಅರ್ಥ ಮಾಡಿಸಲು ನನಗೆ ಯಾವಾಗಲೂ ಕಷ್ಟವಾಗುವ ಜಾಗ: ಈ ವರ್ಷದ ಶೆವೆಲ್‌ನಲ್ಲಿ ಲೋಹ ಸುಳ್ಳನ್ನು ಹಿಡಿದುಕೊಡುತ್ತದೆ, ನಿಜವನ್ನು ಹೇಳುವುದಿಲ್ಲ. ನಿಜ ಹೇಳಬೇಕಾದದ್ದು ಕಾಗದ. 1,25,000 ಡಾಲರ್‌ನಲ್ಲಿ ದೊಡ್ಡ ಪಾಲು ನೀವು ಕೊಡುತ್ತಿರುವುದು ಕಾಗದಕ್ಕೆ.

ಹಾಗಾದರೆ ಕಾಗದ ಎಂಥದ್ದು? ಹೊಸ ಕಾರಿನ ವಾರಂಟಿ ಪುಸ್ತಕದಲ್ಲಿ ಪ್ರೊಟೆಕ್ಟ್-ಒ-ಪ್ಲೇಟ್ ಎಂಬ ಸಣ್ಣ ಲೋಹದ ಫಲಕ ಬರುತ್ತಿತ್ತು, ಅದರಲ್ಲಿ ವಿನ್ ನಂಬರ್, ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಕೋಡುಗಳು ಉಬ್ಬಿರುತ್ತವೆ. ಗ್ಯಾರೇಜಿನವರು ಅದನ್ನು ಇಟ್ಟು ಬಿಲ್ಲಿನ ಮೇಲೆ ಅಚ್ಚು ತೆಗೆಯುತ್ತಿದ್ದರು. ಷೋರೂಮಿನ ಕಿಟಕಿಗೆ ಅಂಟಿಸಿದ್ದ ಬೆಲೆಪಟ್ಟಿ, ಡೀಲರ್ ಇನ್‌ವಾಯ್ಸ್ ಕೂಡ ಒಳ್ಳೆಯ ಸಾಕ್ಷಿ. ಇವೆಲ್ಲಕ್ಕೂ ನಕಲಿ ಇದೆ, ಬಿಡಿ.

ನಿಮಗೆ ತೋರಿಸಿದ್ದು ಬಿಲ್ಡ್ ಶೀಟ್. ಯಾವ ಕಾರಿಗೆ ಯಾವ ಭಾಗ ಹಾಕಬೇಕು ಎಂದು ಲೈನಿನ ಕೆಲಸಗಾರರಿಗೆ ಹೇಳುತ್ತಿದ್ದ ಹಾಳೆ ಅದು. ಕೆಲಸ ಮುಗಿದ ಮೇಲೆ ಅದು ಟ್ಯಾಂಕಿನ ಮೇಲೋ ಸೀಟಿನ ಸ್ಪ್ರಿಂಗಿನ ನಡುವೆಯೋ ಉಳಿದುಹೋಗುತ್ತಿತ್ತು. ಉಳಿಸಬೇಕೆಂದು ಯಾರೂ ಉಳಿಸಿದ್ದಲ್ಲ. ಟ್ಯಾಂಕಿನ ಮೇಲಿದ್ದ ಹಾಳೆ ಐವತ್ತು ವರ್ಷ ಧೂಳು, ತೇವ, ಪೆಟ್ರೋಲಿನ ಹಬೆ ಕುಡಿದಿರುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಅಂಚು ಪುಡಿಯಾಗಿ, ಮಡಿಕೆಯಲ್ಲಿ ಹರಿದಿರುತ್ತದೆ, ಎಷ್ಟೋ ಸಲ ಅರ್ಧ ಓದಲೂ ಬರುವುದಿಲ್ಲ. ನಿಮ್ಮ ಚಿತ್ರದ ಹಾಳೆ ಎಲ್ಲ ಕಡೆ ಒಂದೇ ಸಮ ಹಳದಿ, ನಾಲ್ಕೂ ಮೂಲೆ ಗಟ್ಟಿ. ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿದರೆ ಹೀಗಾಗುತ್ತದೆ, ಟ್ಯಾಂಕಿನ ಮೇಲಲ್ಲ. ಸೀಟಿನೊಳಗೆ ಸಿಕ್ಕಿತು ಎಂದಿದ್ದರೆ ಇಷ್ಟು ಅನುಮಾನ ಪಡುತ್ತಿರಲಿಲ್ಲ. ಮುದ್ರಣವನ್ನು ಭೂತಗನ್ನಡಿಯಲ್ಲಿ ನೋಡಿ. ಆ ಕಾಲದ ಪ್ರಿಂಟರ್ ಅಕ್ಷರವನ್ನು ರಿಬ್ಬನ್ನಿನ ಮೇಲೆ ಬಡಿದು ಒತ್ತುತ್ತಿತ್ತು, ಶಾಯಿ ಒಂದೊಂದು ಕಡೆ ದಪ್ಪ, ಒಂದೊಂದು ಕಡೆ ತೆಳು, ಹಿಂಬದಿಯಲ್ಲಿ ಒತ್ತಿನ ಗುರುತು. ಸಣ್ಣ ಚುಕ್ಕಿಗಳಿಂದಾದ ಅಕ್ಷರ ಕಂಡರೆ ಅದು ಈಗಿನ ಯಂತ್ರದ್ದು. ಒಂದೊಂದು ಫ್ಯಾಕ್ಟರಿಯ ಹಾಳೆಯ ವಿನ್ಯಾಸವೂ ಬೇರೆ. ಬಾಲ್ಟಿಮೋರಿನ ನಮೂನೆ ಹಿಡಿದು ಕ್ಯಾನ್ಸಸ್ ಸಿಟಿಯ ಕಾರಿಗೆ ಹಾಳೆ ಮಾಡಿದ್ದರೆ ತಿಳಿದವರ ಕಣ್ಣಿಗೆ ಒಂದು ನಿಮಿಷದಲ್ಲಿ ಬೀಳುತ್ತದೆ. ಅಸಲಿ ಹಾಳೆಯೇ ಆಗಿದ್ದರೂ ಅದರ ಮೇಲಿನ ವಿನ್ ನಂಬರ್ ನಿಮ್ಮ ಕಾರಿನದೇ ಎಂದು ನೋಡಿ. ಲೈನಿನವರು ಪಕ್ಕದ ಕಾರಿನ ಹಾಳೆಯನ್ನು ಇದರಲ್ಲಿ ಬಿಟ್ಟುಹೋಗಿರುವುದು ಅಪರೂಪವೇನಲ್ಲ.

ಅಪ್ರೈಸಲ್ ಸರ್ಟಿಫಿಕೇಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ವಿಮೆಗಾಗಿ ಮಾಡಿಸಿದ್ದು. ಮಾಲೀಕರು ಹೇಳಿದ ವಿವರವನ್ನು ಹಿಡಿದು ಬೆಲೆ ಕಟ್ಟಿದ್ದಾರೆ. ಕೆಳಗಿನ ಸಣ್ಣ ಅಕ್ಷರ ಓದಿ, ನಂಬರ್ ಪರಿಶೀಲಿಸಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಟೈಟಲ್ಲಿನಲ್ಲೂ (ಮಾಲೀಕತ್ವದ ಪತ್ರ) ಶೆವರ್ಲೆ, 1970 ಎಂದಿರುತ್ತದೆಯೇ ಹೊರತು ಎಂಜಿನ್ನಿನ ಜಾತಕ ಇರುವುದಿಲ್ಲ.

ನಿಜವಾಗಿ ತೂಕದ ಸಾಕ್ಷಿ ಬೇರೆ ಇದೆ: ಹಳೆಯ ಮಾಲೀಕರು. 1970ರಲ್ಲಿ ಷೋರೂಮಿನಿಂದ ಓಡಿಸಿಕೊಂಡು ಬಂದವರೋ ಅವರ ಮಕ್ಕಳೋ ಸಿಕ್ಕಿ, ಆಗಿನ ಒಂದು ಬಣ್ಣದ ಫೋಟೋ, ಒಂದು ಸರ್ವಿಸ್ ಬಿಲ್ಲು ಕೊಟ್ಟರೆ ಅದಕ್ಕೆ ನಾನು ಎಷ್ಟೋ ಬಿಲ್ಡ್ ಶೀಟುಗಳಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ಸರ್ಕಾರಿ ಕಚೇರಿಗೆ ಹೋಗಿ ಹಿಂದಿನ ಮಾಲೀಕರ ಹೆಸರು ಕೇಳಿದರೆ ಸಿಗುವುದು ಕಷ್ಟ. 1994ರ ಚಾಲಕರ ಖಾಸಗಿತನದ ಕಾನೂನು ಅಡ್ಡ ಬರುತ್ತದೆ. ಮಾರುವವರ ಬಳಿಯೇ ಅವರು ಕೊಂಡವರ ಹೆಸರು ಕೇಳಿ, ಅಲ್ಲಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ. ಮಾಲೀಕರ ಸರಪಳಿಯ ಬಗ್ಗೆ ಕೇಳಿದಾಗ ಅವರ ಮುಖ ಹೇಗಾಗುತ್ತದೆ ಎಂಬುದೂ ಒಂದು ಪರೀಕ್ಷೆಯೇ. ಈ ಕಾರು ಮೊದಲು ಮಾರಾಟವಾದದ್ದು ಕೆನಡಾದಲ್ಲಿ ಎಂದು ಗೊತ್ತಾದರೆ ಅದೃಷ್ಟ. ಜನರಲ್ ಮೋಟರ್ಸ್‌ನ ಕೆನಡಾ ಶಾಖೆ ಹಳೆಯ ದಾಖಲೆ ಉಳಿಸಿಕೊಂಡಿದೆ, ಶುಲ್ಕ ಕಟ್ಟಿದರೆ ಕೊಡುತ್ತದೆ. ಅಮೆರಿಕದಲ್ಲಿ ಮಾರಿದ ಶೆವರ್ಲೆಗಳಿಗೆ ಅಂಥ ಭಂಡಾರ ಉಳಿದಿಲ್ಲ.

‘ನಂಬರ್ಸ್ ಮ್ಯಾಚಿಂಗ್’ ಅಲ್ಲದಿದ್ದರೆ ಕಾರು ನಕಲಿ ಎಂಬ ಉಲ್ಟಾ ತಪ್ಪುಕಲ್ಪನೆಯೂ ಇದೆ. ಇವನ್ನು ಕೊಂಡವರು ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಶನಿವಾರ ರಾತ್ರಿ ರೇಸು, ಸೋಮವಾರ ಗ್ಯಾರೇಜು. ವಾರಂಟಿಯಲ್ಲಿ ಬದಲಿಸಿದ ಬ್ಲಾಕಿನ ಮೇಲೆ ಕಂಪನಿಯೇ ‘ಸಿಇ’ ಎಂದು ಒತ್ತಿ ಕೊಡುತ್ತಿತ್ತು. ಎಂಜಿನ್ ಬದಲಾಗಿ, ಕಾಗದ ಗಟ್ಟಿ ಇರುವ ಎಸ್‌ಎಸ್ ನನ್ನ ಮಟ್ಟಿಗೆ ಮರ್ಯಾದಸ್ಥ ಕಾರು. ಎಂಜಿನ್ನಿನ ಮೇಲೆ ಸುಳ್ಳು ಒತ್ತಿದ ಕಾರಿಗಿಂತ ಅದನ್ನೇ ಕೊಳ್ಳಿ ಎನ್ನುತ್ತೇನೆ. ಒಂದು ಕಡೆ ಸುಳ್ಳು ಹೇಳಿದವರು ಇನ್ನೊಂದು ಕಡೆ ನಿಜ ಹೇಳಿರುತ್ತಾರೆ ಎಂದು ನಂಬುವುದು ಹೇಗೆ?

ಈಗ ನಿಮ್ಮ ಮುಂದಿರುವ ದಾರಿಗಳು. ಕೇಳಿದ ಬೆಲೆಗೆ ಕೊಳ್ಳುವುದನ್ನು ನಾನು ದಾರಿ ಎಂದು ಎಣಿಸುವುದೇ ಇಲ್ಲ.

ಗಾಡಿ ನಿಜಕ್ಕೂ ಮನಸ್ಸಿಗೆ ಹಿಡಿಸಿದ್ದರೆ ಶೆವೆಲ್ ಮಾತ್ರ ನೋಡುವ, ಮಾರುವವರಿಗೆ ಪರಿಚಯವಿಲ್ಲದ ಒಬ್ಬ ತಜ್ಞರನ್ನು ನೀವೇ ಗೊತ್ತುಮಾಡಿ ಕಳಿಸಿ. ಸಾಮಾನ್ಯ ಪ್ರೀ-ಪರ್ಚೇಸ್ ಇನ್‌ಸ್ಪೆಕ್ಷನ್ ಮಾಡುವವರು ತುಕ್ಕು, ಬ್ರೇಕ್ ನೋಡುತ್ತಾರೆ, ಪ್ಯಾಡ್ ಓದಲು ಅವರಿಗೆ ಬರುವುದಿಲ್ಲ. ಖರ್ಚಾಗುತ್ತದೆ, ಕೊನೆಗೆ ‘ಬೇಡ’ ಎಂಬ ಉತ್ತರ ಬಂದರೆ ಆ ದುಡ್ಡು ವಾಪಸ್ ಬರುವುದಿಲ್ಲ. ಕೇಳುತ್ತಿರುವ ಮೊತ್ತದ ಮುಂದೆ ಅದು ಏನೂ ಅಲ್ಲ.

ಎರಡನೆಯದು, ಇದನ್ನು ಟ್ರಿಬ್ಯೂಟ್, ಅಂದರೆ ಅಸಲಿಯ ರೂಪ ಕೊಟ್ಟ ಗಾಡಿ, ಎಂದೇ ಕೊಳ್ಳುವುದು. ಬಾಡಿ ನೇರವಾಗಿದೆ, ಬಣ್ಣ ಮೂಲದ್ದು, 454 ಎಂಜಿನ್ ಇದೆ, ಓಡಿಸಿದರೆ ಅದೇ ಸುಖ. ಮರದ ನೆರಳಿನಲ್ಲಿ ನಿಲ್ಲಿಸಿ ಆಸೆಪಟ್ಟು ನೋಡುವವರಿಗೆ ಸ್ಟ್ಯಾಂಪ್ ಪ್ಯಾಡ್ ಕಾಣುವುದಿಲ್ಲ. ಆದರೆ ನನ್ನ ಅಂದಾಜಿನಲ್ಲಿ ಅದರ ಬೆಲೆ ಈಗ ಹೇಳುತ್ತಿರುವುದರ ಅರ್ಧದ ಸುಮಾರು, ಒಂದು ಪೈಸೆ ಹೆಚ್ಚಿಲ್ಲ. ಅಪಾಯ ಇರುವುದು ಮುಂದೆ ನೀವು ಮಾರುವಾಗ. ಆ ಪ್ಯಾಡಿನ ಕಥೆ ಗೊತ್ತಿದ್ದೂ ಹೇಳದಿದ್ದರೆ ಆಗ ತಪ್ಪು ನಿಮ್ಮದಾಗುತ್ತದೆ, ಕೋರ್ಟಿನ ಮೆಟ್ಟಿಲೂ ಹತ್ತಬೇಕಾಗಬಹುದು. ಬಿಲ್ಲಿನಲ್ಲೇ ‘ಎಂಜಿನ್ ಮೂಲದ್ದಲ್ಲ, ಎಸ್‌ಎಸ್ ಎಂದು ದೃಢಪಟ್ಟಿಲ್ಲ’ ಎಂದು ಬರೆಸಿ ಇಟ್ಟುಕೊಳ್ಳಿ.

ಮೂರನೆಯದು ನನಗೆ ಇಷ್ಟವಾದದ್ದು: ದಾಖಲೆ ಸುಲಭವಾಗಿ ಸಿಗುವ ಬೇರೆ ಗಾಡಿಯತ್ತ ತಿರುಗುವುದು. ಜನರಲ್ ಮೋಟರ್ಸ್‌ನ ಒಳಗೇ ಪಾಂಟಿಯಾಕ್ ಇದೆ. 1961ರಿಂದ 86ರವರೆಗಿನ ಪಾಂಟಿಯಾಕ್ ಕಾರುಗಳ ಬಿಲ್ಲಿಂಗ್ ದಾಖಲೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ನವರ ಬಳಿ ಇದೆ. ವಿನ್ ನಂಬರ್ ಕೊಟ್ಟರೆ ಅವರ ಮಸಲ್ ಕಾರು ಜಿಟಿಓ ನಿಜವೋ ಸುಳ್ಳೋ, ಯಾವ ಎಂಜಿನ್, ಯಾವ ಬಣ್ಣ, ಎಲ್ಲ ಕಾಗದದಲ್ಲಿ ಬರುತ್ತದೆ. ಫೋರ್ಡ್ ಮಸ್ಟ್ಯಾಂಗ್ ಆದರೆ 1967ರಿಂದ ಈಚಿನವಕ್ಕೆ ಮಾರ್ಟಿ ರಿಪೋರ್ಟ್ ಸಿಗುತ್ತದೆ, ಫೋರ್ಡಿನ ಉತ್ಪಾದನಾ ದಾಖಲೆಯಿಂದ ತೆಗೆದದ್ದು. ಪ್ಲಿಮತ್, ಡಾಜ್ ಕಾರುಗಳಲ್ಲಿ ಎಂಜಿನ್ನಿನ ಅಕ್ಷರ ವಿನ್ ನಂಬರಿನ ಐದನೆಯ ಸ್ಥಾನದಲ್ಲೇ ಇರುತ್ತದೆ. 1970ರ ಪ್ಲಿಮತ್ ಕುಡಾದಲ್ಲಿ ಅಲ್ಲಿ ‘ಆರ್’ ಇದ್ದರೆ 426 ಹೆಮಿ ಎಂಜಿನ್. ಹಾಗೆಂದು ಅಲ್ಲಿ ಮೋಸ ಇಲ್ಲ ಎಂದುಕೊಳ್ಳಬೇಡಿ, ಮೋಸದ ಬಗೆ ಬೇರೆ. ನಂಬರೇ ಎಲ್ಲ ಹೇಳುವುದರಿಂದ, ತುಕ್ಕು ಹಿಡಿದು ಸತ್ತ ಹೆಮಿ ಕಾರಿನ ವಿನ್ ಪ್ಲೇಟನ್ನು ಬೇರೆ ಬಾಡಿಗೆ ಹಾಕುತ್ತಾರೆ. ಅಲ್ಲಿ ರೇಡಿಯೇಟರ್ ಸಪೋರ್ಟ್ ಮೇಲಿನ, ಡಿಕ್ಕಿಯ ಅಂಚಿನ ಬಾಡಿ ನಂಬರ್‌ಗಳನ್ನು ಮೊದಲು ನೋಡಬೇಕು. ಶೆವೆಲ್ಲೇ ಬೇಕೆಂದರೆ ಮೇಲೆ ಹೇಳಿದ 1972ರ ‘ಡಬ್ಲ್ಯು’ ಗಾಡಿ ಹುಡುಕಿ. ಎಲ್‌ಎಸ್6ನ ಅಬ್ಬರ ಇಲ್ಲ, ಆದರೆ ನಿದ್ದೆ ಬರುತ್ತದೆ.

ಒಹಾಯೋದವರಿಗೆ ಜಗಳದ ಧಾಟಿಯಲ್ಲಿ ಏನೂ ಬರೆಯಬೇಡಿ. ಟ್ರಿಮ್ ಟ್ಯಾಗ್ 04ಸಿ ಎನ್ನುತ್ತದೆ, ಎಂಜಿನ್ ಏಪ್ರಿಲ್ 28 ಎನ್ನುತ್ತದೆ, ಎರಕದ ತಾರೀಖಿನ ಒಂದು ಫೋಟೋ ಮತ್ತು ಫ್ರೇಮ್ ನಂಬರಿನ ಒಂದು ಫೋಟೋ ಕಳಿಸುತ್ತೀರಾ ಎಂದು ಕೇಳಿ. ಕಳಿಸಿದರೆ ನನಗೂ ಕಳಿಸಿ, ನೋಡಿ ಹೇಳುತ್ತೇನೆ. ಕಾರು ಲಿಫ್ಟ್ ಮೇಲೆ ಇಲ್ಲ, ಟೈಮ್ ಇಲ್ಲ, ಟೆಕ್ಸಾಸಿನವರು ಬಂದೇಬಿಟ್ಟರು ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಸುಮ್ಮನಾಗಿ.